ಹರಕೆ, ಅರ್ಜಿ, ಗುರಿ: ಭದ್ರಾವತಿ ಸೀಮೆಯಲ್ಲಿ ನಮ್ಮವರು ಬಯಸಿದ್ದರ ಚರಿತ್ರೆ

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಶಿವಮೊಗ್ಗದ ಹಾಸ್ಟೆಲೊಂದರಲ್ಲಿರೋ ನಮ್ಮ ಹುಡುಗ ಹೋದ ವಾರ ಒಂದು ಹಾಳೆಯ ಫೋಟೋ ಕಳಿಸಿದ್ದ. ವ್ಯಕ್ತಿತ್ವ ವಿಕಸನ ತರಬೇತಿಯಲ್ಲಿ ಕೊಟ್ಟಿದ್ದಂತೆ. ಮೇಲೆ 'ನನ್ನ ಜೀವನದ ಗುರಿಗಳು' ಅಂತ ತಲೆಬರಹ. ಕೆಳಗೆ ಆರು ಬಾಕ್ಸು: ಉದ್ಯೋಗ, ಹಣ, ಆರೋಗ್ಯ, ಕುಟುಂಬ, ವ್ಯಕ್ತಿತ್ವ, ಸಮಾಜಸೇವೆ. ಮುಂದಿನ ಐದು ವರ್ಷದಲ್ಲಿ ಏನು ಸಾಧಿಸ್ತೀಯ ಅಂತ ಒಂದೊಂದರಲ್ಲೂ ತುಂಬಬೇಕು. ಇವನು ಉದ್ಯೋಗದಲ್ಲಿ 'ಪಿಎಸ್‌ಐ' ಅಂತ ಬರೆದು ಉಳಿದ ಐದನ್ನೂ ಖಾಲಿ ಬಿಟ್ಟಿದ್ದಾನೆ. ಕೆಳಗೆ ಕೆಂಪು ಶಾಯಿಯಲ್ಲಿ 'ಗುರಿಯಲ್ಲಿ ಸ್ಪಷ್ಟತೆ ಇಲ್ಲ' ಅಂತ ಷರಾ.

ಹಾಳೆ ಮೇಲೆ ನನಗೆ ಸಿಟ್ಟಿಲ್ಲ. ಹುಡುಗರು ಕೂತು ಯೋಚನೆ ಮಾಡಿ ಬರೆಯೋದು ಒಳ್ಳೇದೇ. ಆದರೆ ಇದನ್ನ ಹಂಚೋರಿಗೂ ತುಂಬೋರಿಗೂ ಒಂದು ವಿಷಯ ಗೊತ್ತಿರಬೇಕು. ಈ ಆರು ಬಾಕ್ಸುಗಳು ನಮ್ಮ ಕೇರಿಗೆ ಹುಟ್ಟಿನಿಂದ ಬಂದವಲ್ಲ. ಇದೇ ಶಿವಮೊಗ್ಗ, ಭದ್ರಾವತಿ ನೆಲದಲ್ಲಿ ಒಂದೊಂದು ಬಾಕ್ಸನ್ನೂ ಯಾರೋ ಅರ್ಜಿ ಹಾಕಿ, ಧರಣಿ ಕೂತು, ಏಟು ತಿಂದು ತೆರೆದಿದ್ದಾರೆ. 'ನನಗೆ ಇಂಥದ್ದು ಬೇಕು' ಅನ್ನೋದೇ ಅಪರಾಧ ಆಗಿದ್ದ ಕಾಲ ಬಹಳ ದೂರದ್ದೇನಲ್ಲ.

ಬದುಕಿನ ಗುರಿಗಳನ್ನ ವಿಂಗಡಿಸೋ ಕೆಲಸ ಈ ದೇಶಕ್ಕೆ ಹೊಸದಲ್ಲ. ಧರ್ಮ, ಅರ್ಥ, ಕಾಮ, ಮೋಕ್ಷ ಅಂತ ನಾಲ್ಕು ಪುರುಷಾರ್ಥಗಳನ್ನ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀವಿ. ಕೇಳೋಕೆ ಮನುಷ್ಯರಾದ ಎಲ್ಲರಿಗೂ ಹೇಳಿದ ಹಾಗಿದೆ. ಆದರೆ ಮನುಸ್ಮೃತಿಯ 10ನೇ ಅಧ್ಯಾಯ ತೆಗೆದು ನೋಡಿ. ಶೂದ್ರನಿಗೆ ಶಕ್ತಿ ಇದ್ದರೂ ಸಂಪತ್ತು ಕೂಡಿಡಬಾರದು, ಕೂಡಿಟ್ಟರೆ ಬ್ರಾಹ್ಮಣನಿಗೆ ತೊಂದರೆ ಅನ್ನುತ್ತೆ 129ನೇ ಶ್ಲೋಕ. ಅದೇ ಅಧ್ಯಾಯದ 51, 52ನೇ ಶ್ಲೋಕಗಳು ಚಂಡಾಲರ ಮನೆ ಊರಾಚೆ ಇರಬೇಕು, ಆಸ್ತಿ ಅಂದರೆ ನಾಯಿ ಕತ್ತೆ, ಉಡೋದು ಹೆಣದ ಬಟ್ಟೆ, ಉಣ್ಣೋದು ಒಡೆದ ಪಾತ್ರೆಯಲ್ಲಿ ಅಂತ ಗೊತ್ತುಮಾಡ್ತವೆ. ಮನೆ, ಆಸ್ತಿ, ಬಟ್ಟೆ, ಊಟ. ಇವತ್ತು ಯಾರ ಗುರಿಯ ಪಟ್ಟಿ ನೋಡಿದರೂ ಇರೋದು ಇವೇ ತಾನೆ? ಹಾಗಾಗಿ ಅಲ್ಲಿದ್ದದ್ದು ಎರಡು ಪಟ್ಟಿ. ಒಂದು ಬಯಸಬೇಕಾದವರದ್ದು, ಒಂದು ಬಯಸಕೂಡದವರದ್ದು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಮನುಸ್ಮೃತಿ ಸುಟ್ಟಿದ್ದನ್ನ ನಾವು ಪ್ರತಿ ವರ್ಷ ನೆನೀತೀವಿ. ನನಗೆ ಆ ಬೆಂಕಿ ಬಯಸೋ ಹಕ್ಕಿನ ಬೆಂಕಿಯಾಗಿಯೂ ಕಾಣುತ್ತೆ.

ಅದೇ ವರ್ಷ ಮಾರ್ಚ್ 20ರಂದು ಅದೇ ಮಹಾಡ್‌ನಲ್ಲಿ ಚವದಾರ್ ಕೆರೆ ನೀರು ಮುಟ್ಟಿದ್ದರಲ್ಲ, ಆ ನೀರನ್ನ ಯಾವ ಬಾಕ್ಸಿಗೆ ಹಾಕ್ತೀರಿ? ಅಬ್ರಹಾಂ ಮಾಸ್ಲೋ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1943ರಲ್ಲಿ ಒಂದು ಲೇಖನ ಬರೆದ. ಮನುಷ್ಯನಿಗೆ ಮೊದಲು ಅನ್ನ ನೀರು, ಆಮೇಲೆ ಭದ್ರತೆ, ಆಮೇಲೆ ಪ್ರೀತಿ, ಆಮೇಲೆ ಗೌರವ, ಕೊನೆಗೆ ತನ್ನೊಳಗಿನ ಶಕ್ತಿ ಪೂರ್ತಿ ಅರಳೋದು ಅಂತ ಮೆಟ್ಟಿಲು ಹಾಕಿದ. ತರಬೇತಿಗಳಲ್ಲಿ ಈಗಲೂ ಅದನ್ನೇ ಪಿರಮಿಡ್ ಚಿತ್ರ ಬರೆದು ತೋರಿಸ್ತಾರೆ. ಆದರೆ ಆ ಕೆರೆ ನೀರು ಕುಡಿಯದಿದ್ದರೆ ನಾವೇನೂ ಸಾಯಲ್ಲ, ನಾವೂ ಮನುಷ್ಯರು ಅಂತ ಸ್ಥಾಪಿಸೋಕೆ ಹೋಗ್ತಿದ್ದೀವಿ ಅನ್ನೋ ಅರ್ಥದ ಮಾತನ್ನ ಬಾಬಾಸಾಹೇಬರು ಅಲ್ಲಿ ಹೇಳಿದ್ದರು. ನೀರೂ ಗೌರವವೂ ಒಂದೇ ಬೊಗಸೆಯಲ್ಲಿತ್ತು. ಮಾಸ್ಲೋ ಮೆಟ್ಟಿಲಲ್ಲಿ ಅವೆರಡಕ್ಕೂ ನಡುವೆ ಎರಡು ಮೆಟ್ಟಿಲಿನ ದೂರ.

ಗುರಿ ಮುಟ್ಟಿದ ಮೇಲಾದರೂ ಎಲ್ಲ ಸರಿಹೋಗುತ್ತಾ? ಬಾಬಾಸಾಹೇಬರದ್ದೇ ಬದುಕು ನೋಡಿ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ ಹೋದರು, ಎಂ.ಎ. ಮಾಡಿದರು, ಲಂಡನ್ನಿಗೂ ಹೋದರು. 1917ರಲ್ಲಿ ಬರೋಡಾದಲ್ಲಿ ದೊಡ್ಡ ಹುದ್ದೆಗೆ ಬಂದಾಗ ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಛತ್ರವೊಂದರಲ್ಲಿ ಉಳಿದರು. ಗೊತ್ತಾದ ಮೇಲೆ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಇವತ್ತಿನ ಹಾಳೆಯ ಪ್ರಕಾರ ಉದ್ಯೋಗ ಬಾಕ್ಸಿಗೆ ಟಿಕ್, ಹಣಕ್ಕೆ ಟಿಕ್, ವ್ಯಕ್ತಿತ್ವಕ್ಕಂತೂ ಎರಡು ಟಿಕ್. ಮಲಗೋಕೆ ಜಾಗ ಇಲ್ಲ.

ಇನ್ನು ನಮ್ಮೂರಿಗೆ ಬರೋಣ.

ಬೆಂಕಿಪುರ ಅಂತಿದ್ದ ಊರು ಭದ್ರಾವತಿ ಆಗಿದ್ದು, ಆ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು ಕಬ್ಬಿಣದ ಕಾರ್ಖಾನೆಯಿಂದ. 1918ರಲ್ಲಿ ಮೈಸೂರು ಸಂಸ್ಥಾನ ಕೆಲಸ ಶುರು ಮಾಡಿತು, 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ಇದರ ಹಿಂದೆ ಇದ್ದವರು ಸರ್ ಎಂ. ವಿಶ್ವೇಶ್ವರಯ್ಯ ಅನ್ನೋದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಅದೇ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡೋದರ ಬಗ್ಗೆ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಆ ವಿಚಾರದಲ್ಲಿ ಮಹಾರಾಜರ ಜೊತೆ ಬಂದ ಭಿನ್ನಾಭಿಪ್ರಾಯವೇ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಡೋಕೆ ಮುಖ್ಯ ಕಾರಣ ಆಯ್ತು. ಇದು ಪಠ್ಯದಲ್ಲಿ ಸಣ್ಣ ಅಕ್ಷರದಲ್ಲೂ ಇರಲ್ಲ. 1919ರಲ್ಲಿ ಸಮಿತಿ ವರದಿ ಬಂತು, 1921ರಲ್ಲಿ ಆದೇಶ ಆಯ್ತು. ಕುಲುಮೆ ಹೊತ್ತಿದ 1923ರಲ್ಲಿ ಅವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ವಾಪಸ್ ಬಂದರು. ನೌಕರಿಯಲ್ಲಿ ಜಾತಿವಾರು ಪಾಲನ್ನ ಒಪ್ಪದ ಮನುಷ್ಯ ಕಟ್ಟಿದ ಕಾರ್ಖಾನೆ, ಮುಂದೆ ನಮ್ಮ ಕೇರಿಗಳ ಎಷ್ಟೋ ಮನೆಗಳಿಗೆ ಮೊದಲ ಸಂಬಳ ಕೊಟ್ಟಿತು. ಚರಿತ್ರೆ ಹೀಗೇ, ಒಬ್ಬರನ್ನ ಪೂರ್ತಿ ದೇವರೂ ಮಾಡೋಕೆ ಬಿಡಲ್ಲ, ಪೂರ್ತಿ ವೈರಿಯನ್ನೂ ಮಾಡೋಕೆ ಬಿಡಲ್ಲ.

ಆ ಸಂಬಳ ಅಂದರೆ ಏನು ಅಂತ ಈಗಿನವರಿಗೆ ಹೇಳೋದು ಕಷ್ಟ. ಅದಕ್ಕೆ ಮುಂಚೆ ಕೂಲಿ ಅಂದರೆ ಮೊರದಲ್ಲಿ ಹಾಕೋ ಭತ್ತ, ಹಬ್ಬಕ್ಕೊಂದು ಹಳೇ ಪಂಚೆ. ಕೊಟ್ಟೋನು ಗೌಡ, ಇಸ್ಕೊಂಡೋನು ಅವನ ಜೀತದಾಳು. ಕಾರ್ಖಾನೆಯಲ್ಲಿ ತಿಂಗಳಿಗೆ ಇಷ್ಟು ಅಂತ ದುಡ್ಡು, ಹಾಜರಿ ಪುಸ್ತಕದಲ್ಲಿ ಹೆಸರು, ಶಿಫ್ಟ್ ಮುಗಿದ ಮೇಲೆ ಯಾರ ಅಂಗಳವೂ ಗುಡಿಸಬೇಕಿಲ್ಲ. ತಮಿಳುನಾಡು, ಆಂಧ್ರದ ಕಡೆಯಿಂದಲೂ ಜನ ಬಂದು ಸೇರಿದರು. ಆಮೇಲೆ ಮೂವತ್ತರ ದಶಕದಲ್ಲಿ ಪೇಪರ್ ಮಿಲ್ಲು ಹುಟ್ಟಿತು. ಭದ್ರಾವತಿಯಲ್ಲಿ 'ಪರ್ಮನೆಂಟ್' ಅನ್ನೋ ಇಂಗ್ಲಿಷ್ ಮಾತು ಅಕ್ಷರ ಬಾರದ ಅಜ್ಜಿಯ ಬಾಯಲ್ಲೂ ಕೇಳುತ್ತೆ. 'ಹುಡುಗ ಪರ್ಮನೆಂಟಾ?' ಅಂತ ಕೇಳಿದ ಮೇಲೇ ಹೆಣ್ಣು ಕೊಡೋ ಮಾತು. ಉದ್ಯೋಗ, ಹಣ, ಕುಟುಂಬ, ಆರೋಗ್ಯ ಅಂತ ಹಾಳೆಯಲ್ಲಿ ನಾಲ್ಕು ಬಾಕ್ಸಿಗೆ ಹಂಚಿದ್ದಾರಲ್ಲ, ನಮ್ಮವರಿಗೆ ಆ ನಾಲ್ಕೂ ಈ ಒಂದು ಮಾತಿನಲ್ಲಿತ್ತು. ಹುಡುಗ ಪಿಎಸ್‌ಐ ಅಂತ ಒಂದೇ ಬರೆದು ಉಳಿದದ್ದು ಖಾಲಿ ಬಿಟ್ಟಿದ್ದು ಈ ಅಜ್ಜಿಯಿಂದ ಬಂದ ಲೆಕ್ಕ ಅಂತ ನನ್ನ ಅನಿಸಿಕೆ. ಅದರಲ್ಲಿ ಅಸ್ಪಷ್ಟ ಏನೂ ಇಲ್ಲ.

ಸಂಬಳದ ಆಸೆಗೂ ಮುಂಚೆ ಹುಟ್ಟಿದ ಗುರಿಗಳ ಒಂದು ಜಾತಿ ಇದೆ. ಅವಕ್ಕೆ ಯಾವ ಹಾಳೆಯಲ್ಲೂ ಬಾಕ್ಸ್ ಇರಲ್ಲ. ಅವು 'ಬೇಡ' ಅನ್ನೋ ಗುರಿಗಳು. ನನ್ನ ಮಗ ಪೊರಕೆ ಹಿಡೀಬಾರದು. ನನ್ನ ಮಗಳು ಆ ಮನೆ ಕೊಟ್ಟಿಗೆಗೆ ಹೋಗಬಾರದು. ಸತ್ತ ದನ ಎಳೆಯೋಕೆ ಕರೆದರೆ ಹೋಗಲ್ಲ. ಪೌರಕಾರ್ಮಿಕರ ಕಾಲೋನಿಗೆ ಹೋಗಿ ಯಾವ ತಾಯಿಯನ್ನ ಬೇಕಾದರೂ ಕೇಳಿ, ಮಗ ಏನಾಗಬೇಕು ಅನ್ನೋದಕ್ಕೆ ಮುಂಚೆ ಏನಾಗಬಾರದು ಅಂತ ಹೇಳ್ತಾಳೆ. ನಕಾರದ ಗುರಿ ಇಟ್ಟುಕೊಂಡರೆ ಮನಸ್ಸಿಗೆ ಒಳ್ಳೇದಲ್ಲ, 'ಪಾಸಿಟಿವ್' ಆಗಿ ಬರೀರಿ ಅಂತ ತರಬೇತಿಯವರು ಹೇಳ್ತಾರೆ. ಮನಶ್ಶಾಸ್ತ್ರದಲ್ಲಿ ಅದಕ್ಕೆ ಆಧಾರವೂ ಇದೆ. ಆದರೆ ಚರಿತ್ರೆಯಲ್ಲಿ ನಮ್ಮ ಬೇಕುಗಳೆಲ್ಲ ಈ ಬೇಡದ ಬೆನ್ನಿಗೇ ಹುಟ್ಟಿವೆ. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ನಿಲ್ಲಿಸಿದರು. ದೇಶ ಮಟ್ಟದಲ್ಲಿ ಕಾನೂನು ಬರೋಕೆ 1993ರವರೆಗೆ ಕಾಯಬೇಕಾಯ್ತು, ಅದೂ ಸಾಲದೆ 2013ರಲ್ಲಿ ಇನ್ನೊಂದು.

ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅನ್ನೋ ಮಾತು ಆಡಿದರು. ಆಮೇಲೆ ಆದದ್ದು ನಿಮಗೆ ಗೊತ್ತು. ದಲಿತ ವಿದ್ಯಾರ್ಥಿಗಳಿಗೆ ಏಟು, ಮಂತ್ರಿಗಿರಿಗೆ ರಾಜೀನಾಮೆ. ಆ ಗಲಾಟೆಯ ಬಿಸಿಯಲ್ಲೇ ನಮ್ಮ ಭದ್ರಾವತಿಯಿಂದ ದಲಿತ ಸಂಘರ್ಷ ಸಮಿತಿ ಎದ್ದಿತು. ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಇಲ್ಲಿನ ಸರ್ ಎಂ.ವಿ. ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಕಾಲೇಜಿನ ಹೆಸರು ಗಮನಿಸಿದ್ರಲ್ಲ, ವಿಶ್ವೇಶ್ವರಯ್ಯನವರದ್ದೇ! ಇವತ್ತಿನ ಹಾಳೆ ಲೆಕ್ಕದಲ್ಲಿ ಕೃಷ್ಣಪ್ಪ ಮೇಷ್ಟ್ರ ಬದುಕಿನ ಗುರಿ ಅಲ್ಲಿಗೆ ಮುಗಿದಿತ್ತು. ಸರ್ಕಾರಿ ನೌಕರಿ, ಪರ್ಮನೆಂಟ್, ಪಿಂಚಣಿ. ಅವರು ಆ ನೌಕರಿಯಲ್ಲಿ ಇದ್ದುಕೊಂಡೇ ಹಳ್ಳಿ ಹಳ್ಳಿ ಸುತ್ತೋ ಸಂಘಟನೆ ಕಟ್ಟಿದರು. 1997ರಲ್ಲಿ ಹೋಗಿಬಿಟ್ಟರು, ಅರವತ್ತು ತುಂಬಿರಲಿಲ್ಲ. ಅವರ ಸಂಘಟನೆ ಎಂಬತ್ತರ ದಶಕದಲ್ಲಿ ಕೂಗಿದ 'ಹೆಂಡ ಬೇಡ, ವಸತಿ ಶಾಲೆ ಬೇಕು' ಅನ್ನೋ ಘೋಷಣೆಯನ್ನ ಒಂದು ಸಲ ನಿಧಾನಕ್ಕೆ ಓದಿ. ಒಂದು ಬೇಡ, ಒಂದು ಬೇಕು. ಇಡೀ ಕೇರಿಯ ಬದುಕಿನ ಗುರಿಯ ಪಟ್ಟಿ ಐದು ಪದದಲ್ಲಿ. ಆ ಹಾಳೆ ತುಂಬಿದ ಹುಡುಗ ಹಾಸ್ಟೆಲಿನಲ್ಲಿ ಕೂತಿದ್ದಾನೆ ಅಂದರೆ ಅದರ ಹಿಂದೆ ಇಂಥ ಕೂಗುಗಳಿವೆ.

ಈಗ ಭೂಮಿ. ಇದೊಂದಕ್ಕೆ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಯಾಕಂದ್ರೆ ಹಾಳೆಯಲ್ಲಿ ಇದಕ್ಕೂ ಜಾಗ ಇಲ್ಲ, ನಮ್ಮ ಅಜ್ಜಂದಿರ ತಲೆಯಲ್ಲಿ ಇದು ಬಿಟ್ಟು ಬೇರೆ ಇರಲಿಲ್ಲ.

ಶಿವಮೊಗ್ಗ ಜಿಲ್ಲೆ ಅಂದ ಕೂಡಲೇ 1951ರ ಕಾಗೋಡು ಸತ್ಯಾಗ್ರಹ ನೆನಪು ಮಾಡ್ತಾರೆ. ದೊಡ್ಡ ಹೋರಾಟ, ಅನುಮಾನ ಇಲ್ಲ. ಅದರ ಮುಂದುವರಿಕೆಯಾಗಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ 'ಉಳುವವನೇ ಒಡೆಯ' ಅಂತು. ಗೇಣಿದಾರರಿಗೆ ಭೂಮಿ ಬಂತು. ನಮ್ಮ ಬಹುಪಾಲು ಜನ ಗೇಣಿದಾರರೇ ಆಗಿರಲಿಲ್ಲ, ಗೇಣಿದಾರನ ಗದ್ದೆಯಲ್ಲಿ ಕೂಲಿ ಮಾಡ್ತಿದ್ದವರು. ಉಳುವವನ ಹಿಂದೆ ನಾಟಿ ಹಾಕುವವಳು ಒಡತಿ ಆಗಲಿಲ್ಲ. ನಮ್ಮ ಪಾಲಿಗೆ ಇದ್ದದ್ದು ತೋಟಿ, ತಳವಾರಿಕೆಯ ಇನಾಮು ತುಂಡು, ಇಲ್ಲಾ ಸರ್ಕಾರ ಮಂಜೂರು ಮಾಡಿದ ಕಲ್ಲು ಗುಡ್ಡೆ. ಗ್ರಾಮ ಹುದ್ದೆಗಳನ್ನ ರದ್ದು ಮಾಡಿದ ಕಾನೂನು 1961ರದ್ದು. ಬಿಟ್ಟಿ ಚಾಕರಿ ಹೋಯ್ತು, ಜಮೀನಿಗೆ ಮಾತ್ರ ಮತ್ತೆ ಅರ್ಜಿ ಹಾಕಿ ಮಂಜೂರು ಮಾಡಿಸ್ಕೋಬೇಕಿತ್ತು. ಹಾಗೆ ಬಂದ ಜಮೀನೂ ಮದುವೆ ಸಾಲಕ್ಕೆ, ಔಷಧಿ ಸಾಲಕ್ಕೆ ಚಿಲ್ಲರೆ ದುಡ್ಡಿಗೆ ಕೈಬಿಟ್ಟು ಹೋಗ್ತಿತ್ತು. ಅದನ್ನ ತಡೆಯೋಕೆ, ಹೋದದ್ದನ್ನ ವಾಪಸ್ ಕೊಡಿಸೋಕೆ 1978ರ ಪಿಟಿಸಿಎಲ್ ಕಾಯ್ದೆ ಬಂತು. ನಮ್ಮ ಸೀಮೆಯ ಸಿದ್ಲೀಪುರದ ಭೂಹೋರಾಟವನ್ನ ಹಿರಿಯರು ಈಗಲೂ ನೆನೀತಾರೆ. ಕೇಸು ತಡವಾಗಿ ಹಾಕಿದ್ರಿ ಅಂತ ಕೋರ್ಟುಗಳು ವಜಾ ಮಾಡೋಕೆ ಶುರು ಮಾಡಿದಾಗ, ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ತರಿಸೋಕೆ ಮತ್ತೆ ಬೀದಿಯಲ್ಲಿ ಕೂರಬೇಕಾಯ್ತು.

ಬಗರ್‌ಹುಕುಂ ಕಥೆ ಬೇರೆ. ಫಾರಂ 50, ಆಮೇಲೆ ಫಾರಂ 53, ಈಗ ಫಾರಂ 57. ಅಪ್ಪ 50 ತುಂಬಿದ, ಮಗ 53 ತುಂಬಿದ, ಮೊಮ್ಮಗ 57 ತುಂಬಿ ಕಾಯ್ತಿದ್ದಾನೆ. ಐದು ವರ್ಷದ ಗುರಿ ಬರೀರಿ ಅನ್ನೋರು ಈ ಮೂರು ಫಾರಂನ ಒಮ್ಮೆ ನೋಡಬೇಕು. ಮೂರು ತಲೆಮಾರಿನ ಒಂದೇ ಗುರಿ, ಅದೇ ಎರಡು ಎಕರೆ.

ಅರ್ಜಿಗಿಂತ ಹಳೇದು ಹರಕೆ. ಅಕ್ಷರ ಇಲ್ಲದ ಕಾಲದಲ್ಲಿ ಬಡವರು ತಮ್ಮ ಬಯಕೆ ದಾಖಲು ಮಾಡಿದ್ದು ಹರಕೆಯಲ್ಲೇ. ಮಗು ಆಗಲಿ, ಕಾಯಿಲೆ ವಾಸಿಯಾಗಲಿ, ಗಂಡ ಕುಡಿತ ಬಿಡಲಿ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಗೆ ಹೀಗೆ ಹರಕೆ ಹೊತ್ತವರು ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡ್ಡ ಹತ್ತುತ್ತಿದ್ದರು. ಅವರಲ್ಲಿ ನಮ್ಮ ಹೆಣ್ಣುಮಕ್ಕಳು ಬಹಳ. 1986ರ ಮಾರ್ಚಿನಲ್ಲಿ ದಸಂಸದವರು ತಡೆಯೋಕೆ ಹೋದಾಗ ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನ, ಪೊಲೀಸರನ್ನ, ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಬೆತ್ತಲೆ ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು. ಹರಕೆ ಹೊತ್ತವರನ್ನ ಮೂಢರು ಅಂತ ಅಂದುಬಿಡೋದು ಸುಲಭ. ಮಗು ಬದುಕಲಿ ಅನ್ನೋದರಲ್ಲಿ ಮೂಢತನ ಎಲ್ಲಿದೆ? ಬೇಡಿಕೆ ಸರಿಯಾಗಿತ್ತು, ವಿಳಾಸ ತಪ್ಪಾಗಿತ್ತು. ಅದೇ ಬೇಡಿಕೆಯನ್ನ ಆಸ್ಪತ್ರೆ, ಶಾಲೆ, ತಹಶೀಲ್ದಾರ್ ಕಚೇರಿಯ ವಿಳಾಸಕ್ಕೆ ತಿರುಗಿಸಿದ್ದು ಚಳವಳಿ ಮಾಡಿದ ಕೆಲಸ. ಹರಕೆ ತೀರಿಸೋಕೆ ಮೈ ಒಡ್ಡಬೇಕಿತ್ತು, ಅರ್ಜಿಗೆ ಒಂದು ಹೆಬ್ಬೆಟ್ಟು ಸಾಕಿತ್ತು.

ಒಂದು ವರ್ಗೀಕರಣದ ಬಗ್ಗೆ ಜಗಳ ಆಡಿಯೇ ಮುಂದೆ ಹೋಗ್ತೀನಿ. ತೊಂಬತ್ತರ ದಶಕದಲ್ಲಿ ಟಿಮ್ ಕ್ಯಾಸರ್, ರಿಚರ್ಡ್ ರಯಾನ್ ಅಂತ ಇಬ್ಬರು ಅಮೆರಿಕದ ಸಂಶೋಧಕರು ಜನರ ಬದುಕಿನ ಆಸೆಗಳನ್ನ ಎರಡು ಗುಂಪು ಮಾಡಿದರು. ಹಣ, ಖ್ಯಾತಿ, ಚೆನ್ನಾಗಿ ಕಾಣೋದು ಇವು ಹೊರಗಿನವು. ತನ್ನನ್ನ ತಾನು ಒಪ್ಪಿಕೊಳ್ಳೋದು, ಬಾಂಧವ್ಯ, ಸಮುದಾಯಕ್ಕೆ ನೆರವಾಗೋದು ಇವು ಒಳಗಿನವು. ಹೊರಗಿನದನ್ನೇ ಮುಖ್ಯ ಮಾಡ್ಕೊಂಡವರಿಗೆ ನೆಮ್ಮದಿ ಕಡಿಮೆ ಅಂತ ಅವರ ಅಧ್ಯಯನ. ಅಲ್ಲಿನ ಕಾಲೇಜು ಹುಡುಗರ ಮಟ್ಟಿಗೆ ಇದ್ದೀತು. ಆದರೆ ಊರೊಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನ ಮೊಮ್ಮಗ ಇವತ್ತು ಶೂ ಹಾಕ್ಕೊಂಡು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕ್ಕೊಂಡು ಅದೇ ಬೀದಿಯಲ್ಲಿ ಹೋದರೆ ಅದು ತೋರಿಕೆಯಾ? ಬಾಬಾಸಾಹೇಬರ ನೀಲಿ ಕೋಟು ಯಾವ ಗುಂಪಿಗೆ ಸೇರುತ್ತೆ? ಮೀಸೆ ಬಿಟ್ಟದ್ದಕ್ಕೆ, ಮದುವೆಯಲ್ಲಿ ಕುದುರೆ ಹತ್ತಿದ್ದಕ್ಕೆ ಈ ದೇಶದಲ್ಲಿ ಹೊಡೀತಾರೆ ಅಂದರೆ, ಹೊಡೆಯೋರಿಗೆ ಅದು ಬರೀ ತೋರಿಕೆ ಅಲ್ಲ ಅಂತ ಚೆನ್ನಾಗಿ ಗೊತ್ತು. ನಮ್ಮ ಹುಡುಗರು ಬೈಕು, ಮೊಬೈಲಿಗೆ ದುಡ್ಡು ಹಾಕ್ತಾರೆ ಅಂತ ಬೈಯೋ ಮುಖಂಡರಿಗೂ ಇದೇ ಮಾತು. ಬೈಕಿನ ಸಾಲದ ಬಡ್ಡಿ ಬಗ್ಗೆ ಬೈಯಿರಿ, ಬೈಕಿನ ಆಸೆ ಬಗ್ಗೆ ಬೇಡ.

ಹೆಣ್ಣುಮಕ್ಕಳ ಪಟ್ಟಿ ಇನ್ನೂ ಬೇರೆ. ಸಂಘದ ಸಾಲದ ಕಂತು ತೀರಬೇಕು, ಮನೆಯೊಳಗೇ ಕಕ್ಕಸು ಬೇಕು, ಹಕ್ಕುಪತ್ರದಲ್ಲಿ ತನ್ನ ಹೆಸರು ಇರಬೇಕು, ಗಾರ್ಮೆಂಟ್ಸಿಗೆ ಹೋಗೋ ಮಗಳು ಕತ್ತಲಾಗೋದರೊಳಗೆ ವಾಪಸ್ ಬರಬೇಕು. ಹಾಳೆಯ 'ಕುಟುಂಬ' ಅನ್ನೋ ಒಂದು ಬಾಕ್ಸಿನಲ್ಲಿ ಇದೆಲ್ಲ ಹಿಡಿಯಲ್ಲ. ಇನ್ನು 'ದಲಿತ' ಅನ್ನೋದೂ ಒಂದೇ ಬಾಕ್ಸಲ್ಲ. ಒಳಮೀಸಲಾತಿ ಮಾಡಬಹುದು ಅಂತ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಮ್ಮೊಳಗೆ ನಡೆದ ಮಾತುಕತೆ, ಜಗಳ ನೋಡಿದ್ದೀರಿ. ಮಾದಿಗರ ಕೇರಿಯ ಗುರಿ, ಹೊಲೆಯರ ಕೇರಿಯದ್ದು, ತಾಂಡಾದ್ದು ಒಂದೇ ದೂರದಲ್ಲಿಲ್ಲ. ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ, ಇಲ್ಲಿ ಹಾಕಿದರೆ ಕಾಮೆಂಟಿನಲ್ಲಿ ಅದೊಂದೇ ಆಗುತ್ತೆ.

ಈಗ ಪರ್ಮನೆಂಟ್ ಅನ್ನೋ ಮಾತಿನ ಗತಿ. 2015ರ ಹೊತ್ತಿಗೆ ಪೇಪರ್ ಮಿಲ್ ಯಂತ್ರ ನಿಂತಿತು. ವಿಐಎಸ್‌ಎಲ್ ಅನ್ನ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂತು, ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಖಾಸಗಿಯಲ್ಲಿ ಮೀಸಲಾತಿ ಇಲ್ಲ, ಗುತ್ತಿಗೆಯಲ್ಲಿ ನಾಳೆ ಇಲ್ಲ. ಇದೇ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯ ಇದೆ. ಅಲ್ಲಿ ಎಂ.ಎ. ಮಾಡಿದ ನಮ್ಮ ಹುಡುಗ ಹುಡುಗಿಯರು ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ವರ್ಷಗಟ್ಟಲೆ ಓದ್ತಾ ಕೂತಿದ್ದಾರೆ. ನೋಟಿಫಿಕೇಶನ್ ಬರಲ್ಲ, ಬಂದರೆ ಅಕ್ರಮ, ಅಕ್ರಮ ಆದರೆ ಮರುಪರೀಕ್ಷೆ. 2021ರ ಪಿಎಸ್‌ಐ ಪರೀಕ್ಷೆಗೆ ಏನಾಯ್ತು ಅಂತ ನಿಮಗೆ ಹೇಳಬೇಕಿಲ್ಲ. ಇಂಥ ಹೊತ್ತಲ್ಲಿ 'ಗುರಿಯಲ್ಲಿ ಸ್ಪಷ್ಟತೆ ಇಲ್ಲ' ಅಂತ ಕೆಂಪು ಶಾಯಿಯಲ್ಲಿ ಬರೆಯೋದು ಅಂದರೆ, ನಿಂತ ಕಾರ್ಖಾನೆಯ ತಪ್ಪನ್ನ ತಂದು ಹುಡುಗನ ತಲೆಗೆ ಕಟ್ಟಿದ ಹಾಗೆ. ಹರಕೆಯಲ್ಲಿ ಎದುರಿಗೆ ದೇವರಿದ್ದಳು. ಅರ್ಜಿಯಲ್ಲಿ ಸರ್ಕಾರ ಇತ್ತು, ಕೊಡಲಿಲ್ಲ ಅಂದರೆ ಕೇಳೋಕೆ ಒಂದು ಬಾಗಿಲಿತ್ತು. ಈ 'ಗುರಿ' ಅನ್ನೋದರಲ್ಲಿ ಎದುರಿಗೆ ಯಾರೂ ಇಲ್ಲ. ಕೇಳೋನೂ ನೀನೇ, ಕೊಡಬೇಕಾದವನೂ ನೀನೇ, ಸಿಗದಿದ್ದರೆ ಅಪರಾಧಿಯೂ ನೀನೇ.

ಕೊನೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ, ಅಜ್ಜನ ಹಳೇ ಕೈಚೀಲದಲ್ಲಿ ದರಖಾಸ್ತು ಅರ್ಜಿ, ಸಾಗುವಳಿ ಚೀಟಿ, ಕಾರ್ಖಾನೆಯ ನೇಮಕದ ಕಾಗದ, 'ಅರ್ಜಿಯನ್ನು ತಿರಸ್ಕರಿಸಲಾಗಿದೆ' ಅನ್ನೋ ಹಿಂಬರಹ, ಏನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ನಮ್ಮ ಮನೆಯಲ್ಲೂ ಒಂದು ಹಿಂಬರಹ ಇದೆ, ಮಡಿಚಿದ ಕಡೆಯೆಲ್ಲ ಹರಿದಿದೆ, ಅಜ್ಜನ ಹೆಬ್ಬೆಟ್ಟು ಮಾತ್ರ ಚೆನ್ನಾಗಿ ಕಾಣುತ್ತೆ. ಹಗಲು ಬೆಳಕಿನಲ್ಲಿ ಎರಡೂ ಬದಿ ಫೋಟೋ ತೆಗೆದು, ಊರು, ವರ್ಷ, ಯಾರದ್ದು, ಏನು ಕೇಳಿದ್ದರು ಅಂತ ನಾಲ್ಕು ಸಾಲು ಬರೆದು ಇನ್‌ಬಾಕ್ಸಿಗೆ ಕಳಿಸಿ. ಸರ್ವೆ ನಂಬರು, ಆಧಾರ್ ನಂಬರು ಇದ್ದರೆ ಮುಚ್ಚಿ ಕಳಿಸಿ. ಮನೆಯ ಹಿರಿಯರು ಇದ್ದರೆ ಅವರ ಬಾಯಲ್ಲೇ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಮಳೆಗಾಲಕ್ಕೆ ಮುಂಚೆ.